ನೋಡುವ ಹೊತ್ತಿಗೆ ನಕ್ಷತ್ರ ಸುಮ್ಮನಿದ್ದರೆ?

ಪ್ರೀತಿಯ ಪುಟ್ಟಿ,

ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಸಿಕ್ಕಿರುವುದು ಒಂದೇ ದಿನ ದೊಡ್ಡಪ್ಪ, ಆ ದಿನ ನಕ್ಷತ್ರ ಸುಮ್ಮನೆ ಇದ್ದುಬಿಟ್ಟರೆ?" ಎಂದು. ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಎಳೆಯ ನಕ್ಷತ್ರವೊಂದರ ಎಕ್ಸ್-ಕಿರಣ ಜ್ವಾಲೆಯನ್ನು, ಅಂದರೆ ಅದು ಥಟ್ಟನೆ ಸಿಡಿದು ಬೆಳಗುವುದನ್ನು, ಹಿಡಿಯಲು ದೂರದರ್ಶಕದಲ್ಲಿ ನಿನಗೆ ಸಿಕ್ಕಿರುವುದು ಅದೊಂದೇ ದಿನವಲ್ಲ.

ಸುಳ್ಳು ಸಮಾಧಾನ ಹೇಳಲಾರೆ. ಸುಮ್ಮನಿರುವ ಸಾಧ್ಯತೆಯೇ ಜಾಸ್ತಿ. 2003ರಲ್ಲಿ ಬಾಹ್ಯಾಕಾಶದ ಚಂದ್ರಾ ಎಕ್ಸ್-ಕಿರಣ ದೂರದರ್ಶಕ, ನಕ್ಷತ್ರಗಳು ಹುಟ್ಟುವ ಓರಾಯನ್ ನೀಹಾರಿಕೆಯನ್ನು ಸುಮಾರು 13 ದಿನ ನೋಡಿತಲ್ಲ, ಆಗ ಸೂರ್ಯನಂಥ ಎಳೆಯ ನಕ್ಷತ್ರಗಳಲ್ಲಿ ದೊಡ್ಡ ಜ್ವಾಲೆ ಕಂಡದ್ದು ಒಂದೊಂದು ನಕ್ಷತ್ರಕ್ಕೆ ಹೆಚ್ಚುಕಡಿಮೆ ವಾರಕ್ಕೊಂದರಂತೆ. ನಿನ್ನದು ಒಂದು ದಿನ. ಲೆಕ್ಕ ನಿನಗೇ ಗೊತ್ತು.

ನನ್ನ ಕಾಲದ ಉಪಗ್ರಹ ಭೂಮಿಗೆ ಹತ್ತಿರದಲ್ಲೇ ಸುತ್ತುತ್ತಿತ್ತು. ಒಂದೂವರೆ ಗಂಟೆಗೊಂದು ಸುತ್ತು, ಪ್ರತಿ ಸುತ್ತಿನಲ್ಲೂ ಭೂಮಿ ಅಡ್ಡ. ಒಮ್ಮೆ ಜ್ವಾಲೆ ಏರುವುದು ಕಂಡಿತು. ಇಳಿಯುವ ಮೊದಲೇ ನಮ್ಮ ಸರದಿ ಮುಗಿಯಿತು. ಇಳಿಯಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದಲೇ ಅಲ್ವಾ ಜ್ವಾಲೆಯ ಬಿಸಿ ಅನಿಲವನ್ನು ಹಿಡಿದಿಟ್ಟ ಕಾಂತಕ್ಷೇತ್ರದ ಕಮಾನಿನ ಉದ್ದ ಅಂದಾಜು ಮಾಡುವುದು? ಆ ಕಮಾನು ನಕ್ಷತ್ರದ ಮೈಗೇ ಅಂಟಿಕೊಂಡಿತ್ತೋ, ಸುತ್ತಲಿನ ಧೂಳಿನ ತಟ್ಟೆಯವರೆಗೂ ಚಾಚಿತ್ತೋ, ನನಗೆ ತಿಳಿಯಲೇ ಇಲ್ಲ. ಓರಾಯನ್‌ನಲ್ಲಿ ನಕ್ಷತ್ರದ ತ್ರಿಜ್ಯದ ಹಲವು ಪಟ್ಟು ಉದ್ದದ ಕಮಾನುಗಳಿವೆ ಎಂದು ಮುಂದೆ ಓದಿದಾಗ ಖುಷಿಯಾಯಿತು. ಸಂಕಟವೂ ಆಯಿತು. ಅದು ಇನ್ನೂ ಹೋಗಿಲ್ಲ. ಅದಕ್ಕೇ ನಿನ್ನ ಭಯ ನನಗೆ ಅಷ್ಟು ನಾಟಿತೇನೋ.

ಆದರೆ ಸುಮ್ಮನಿದ್ದರೂ ಅದು ಕತ್ತಲಲ್ಲ ಕಣೇ. ಜ್ವಾಲೆ ಇಲ್ಲದಾಗಲೂ ಈ ವಯಸ್ಸಿನ ನಕ್ಷತ್ರ ಎಕ್ಸ್-ಕಿರಣದಲ್ಲಿ ಇವತ್ತಿನ ಸೂರ್ಯನ ಸಾವಿರ ಪಟ್ಟು ಬೆಳಗುತ್ತಿರುತ್ತದೆ. ಸೂರ್ಯನಲ್ಲಿ ಕಲೆಗಳಂಥ ಪುಟ್ಟ ಜಾಗಗಳಲ್ಲಷ್ಟೇ ಸಿಗುವ ಸಾವಿರಾರು ಗಾಸ್ (ಕಾಂತಕ್ಷೇತ್ರದ ಬಲದ ಅಳತೆ) ಕಾಂತಕ್ಷೇತ್ರ ಇಲ್ಲಿ ಮೈಯ ಬಹುಪಾಲು ಹರಡಿರುತ್ತದೆ. ತಟ್ಟೆಯ ಅನಿಲವನ್ನು ಅಯಾನು ಮಾಡುವುದರಲ್ಲಿ, ಅಂದರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳುವುದರಲ್ಲಿ, ಈ ಬೆಳಕಿನ ಪಾಲೂ ಇದೆ. ಗ್ರಹಗಳು ಹುಟ್ಟುವ ತಟ್ಟೆ ಅದು. ಜ್ವಾಲೆಯ ಗಲಾಟೆ ಇಲ್ಲದ ದಿನ ಈ ಬೆಳಕನ್ನು ಚೆನ್ನಾಗಿ ಅಳೆಯಬಹುದು.

ಇನ್ನು ಸಲಹೆ. ನಿಮ್ಮ ಗೈಡ್ ಹೇಳಿರಬಹುದು, ನಾನು ಸುಮ್ನೆ ಹೇಳುತ್ತಿದ್ದೇನೆ. ಅದೇ ಚಿತ್ರದಲ್ಲಿ ಅಕ್ಕಪಕ್ಕದ ನಕ್ಷತ್ರಗಳೂ ಬಂದಿರುತ್ತವೆ, ಅವನ್ನು ಬಿಡಬೇಡ. ನಿನ್ನದು ಸುಮ್ಮನಿದ್ದರೂ ಅವುಗಳಲ್ಲಿ ಒಂದು ಸಿಡಿಯಬಹುದು. ಆದರೆ ಜ್ವಾಲೆ ಕಾಣಲಿ ಎಂದು ಬಿನ್ ಅಗಲವನ್ನು, ಅಂದರೆ ಗ್ರಾಫಿನ ಒಂದೊಂದು ಬಿಂದುವಿಗೆ ಎಷ್ಟು ಹೊತ್ತಿನ ಬೆಳಕು ಕೂಡಿಸುತ್ತೀಯ ಅನ್ನುವುದನ್ನು, ಹಿಗ್ಗಿಸಿ ಕುಗ್ಗಿಸಬೇಡ, ಮೊದಲೇ ಒಂದು ಅಗಲ ಬರೆದಿಟ್ಟುಕೋ. ಜ್ವಾಲೆ ಸಿಕ್ಕರೆ ಇಳಿಯುವಾಗ ತಾಪವೂ ಇಳಿಯುತ್ತಿದೆಯಾ ನೋಡು. ಕಾವು ಇನ್ನೂ ಸಿಗುತ್ತಲೇ ಇದ್ದರೆ ಕಮಾನು ಇರುವುದಕ್ಕಿಂತ ಉದ್ದ ಅನ್ನಿಸಿಬಿಡುತ್ತದೆ.

ಏನೂ ಸಿಗದಿದ್ದರೆ? ಮತ್ತೆ ಅಲ್ಲಿಗೇ ಬಂದೆ ನೋಡು. "ಇಷ್ಟು ಹೊತ್ತು ನೋಡಿದೆವು, ಇದಕ್ಕಿಂತ ದೊಡ್ಡದು ಬರಲಿಲ್ಲ" ಎಂದು ಬರೆ. ಗ್ರಾಫ್ ಚಪ್ಪಟೆಯಾಗಿ ಬಂದರೂ ನನಗೆ ಕಳಿಸು, ನೋಡಬೇಕು.

ನಿನ್ನ ದೊಡ್ಡಪ್ಪ