ಬೆಳೀತಾಳೆ ಅಂತ ದೊಡ್ಡ ಗಿಟಾರ್ ತರಬೇಡ ಮಾರಾಯಾ

ಪ್ರೀತಿಯ ಗೆಳೆಯಾ,

ಮಗಳು ಗಿಟಾರ್ ಬೇಕು ಅಂತ ಹಟ ಹಿಡಿದಿದ್ದಾಳೆ, ಯಾವುದು ತರಲಿ ಅಂತ ಕೇಳಿದ್ದೀಯ. ಸರಿಯಾದವನನ್ನೇ ಕೇಳಿದೆ ಬಿಡು. ಈ ವಿಷಯದಲ್ಲಿ ಎಡವಿ ಬಿದ್ದವನು ನಾನು.

ಮಗನಿಗೆ 8 ವರ್ಷ ಇದ್ದಾಗ, ಹೇಗೂ ಬೆಳೀತಾನಲ್ಲ ಅಂತ ದೊಡ್ಡವರು ನುಡಿಸುವ ಸ್ಟೀಲ್ ತಂತಿಯ ಗಿಟಾರ್ ತಂದೆ. ಮಕ್ಕಳಿಗೆ ಒಂದು ಸೈಜು ದೊಡ್ಡ ಅಂಗಿ ತರುತ್ತೇವಲ್ಲ, ಅದೇ ಲೆಕ್ಕ. ಪಾಪ, ಅದನ್ನು ತೊಡೆ ಮೇಲಿಟ್ಟುಕೊಂಡರೆ ಅವನು ಅದರ ಹಿಂದೆ ಅರ್ಧ ಮುಚ್ಚಿಹೋಗುತ್ತಿದ್ದ. ಬಲಗೈ ತಂತಿಗೆ ಇಳಿಯಬೇಕಾದರೆ ಭುಜ ಎತ್ತಬೇಕು. ಎಡಗೈ ಮೊದಲ ಫ್ರೆಟ್, ಅಂದರೆ ಗಿಟಾರಿನ ಉದ್ದ ಕತ್ತಿನ ತುದಿಯಲ್ಲಿರುವ ಮೊದಲ ಲೋಹದ ಅಡ್ಡಪಟ್ಟಿ, ಮುಟ್ಟಬೇಕಾದರೆ ಮೈಯೆಲ್ಲ ವಾಲಬೇಕು. ಹದಿನೈದು ದಿನ ಹೀಗೇ ಒದ್ದಾಡಿದ. ಒಂದು ಸಂಜೆ ಬಂದು ಬೆರಳು ತೋರಿಸಿದ. ತುದಿಯಲ್ಲೆಲ್ಲ ತಂತಿಯ ಗೆರೆ ಕೊರೆದು ಕೆಂಪಗಾಗಿತ್ತು. "ಅಪ್ಪಾ, ನಂಗೆ ಬರಲ್ಲ ಅನ್ಸುತ್ತೆ" ಅಂದ. ಆಮೇಲೆ ಚಿಕ್ಕದು ತಂದುಕೊಟ್ಟೆ. ಆದರೆ ಅದನ್ನು ಮುಟ್ಟಲು ಅವನಿಗೆ ಒಂದು ವರ್ಷ ಬೇಕಾಯಿತು.

ಹಾಗಾಗಿ ಮೊದಲು ಅಳತೆ ನೋಡು. ನಿನ್ನ ಮಗಳ ವಯಸ್ಸಿಗೆ, ಅಂದರೆ 9ಕ್ಕೆ, ಸಾಮಾನ್ಯವಾಗಿ ಮುಕ್ಕಾಲು ಸೈಜು ಹೊಂದುತ್ತದೆ. ಕೈ ತೀರಾ ಚಿಕ್ಕದಿದ್ದರೆ ಅರ್ಧ ಸೈಜು. ಮುಕ್ಕಾಲು ಅನ್ನುವುದು ಹೆಸರಿಗಷ್ಟೇ. ದೊಡ್ಡವರ ಕ್ಲಾಸಿಕಲ್ ಗಿಟಾರಿನಲ್ಲಿ, ಅಂದರೆ ನೈಲಾನ್ ತಂತಿಯದರಲ್ಲಿ, ತಂತಿ ನುಡಿಯುವ ಉದ್ದ 650 ಮಿಲಿಮೀಟರ್, ಇದರಲ್ಲಿ ಸುಮಾರು 580. ಅಷ್ಟು ಕಡಿಮೆಯಾದರೂ ಪುಟ್ಟ ಕೈಗೆ ದೊಡ್ಡ ವ್ಯತ್ಯಾಸ.

ತಂತಿ ನೈಲಾನ್ ಇರಲಿ. ಬಿಗಿ ಕಡಿಮೆ, ಬೆರಳಿಗೆ ಮೆತ್ತಗೆ. ಇಂಥ ಗಿಟಾರಿನ ಕತ್ತು ಸ್ವಲ್ಪ ಅಗಲ ಇರುತ್ತದೆ, ಅಭ್ಯಾಸ ಆಗುತ್ತದೆ. ಹೊಸ ನೈಲಾನ್ ತಂತಿ ಕೆಲವು ದಿನ ಎಳೆದುಕೊಳ್ಳುತ್ತಾ ಶ್ರುತಿ ಇಳಿಯುತ್ತಲೇ ಇರುತ್ತದೆ, ಗಿಟಾರ್ ಕೆಟ್ಟಿದೆ ಅಂತ ಗಾಬರಿ ಬೀಳಬೇಡ. ಸದ್ದು ಜೋರಾಗಲಿ ಅಂತ ಅದಕ್ಕೆ ಸ್ಟೀಲ್ ತಂತಿ ಮಾತ್ರ ಹಾಕಿಸಬೇಡ. ಆ ಬಿಗಿಗೆ ಬ್ರಿಡ್ಜೇ, ಅಂದರೆ ಗಿಟಾರಿನ ಮೈಮೇಲೆ ತಂತಿ ಕಟ್ಟುವ ಪಟ್ಟಿಯೇ, ಕಿತ್ತು ಬಂದೀತು.

ಅಂಗಡಿಯಲ್ಲಿ ಜಾಸ್ತಿ ಹೊತ್ತು ನೋಡಬೇಕಾದ್ದು ತಂತಿಯ ಎತ್ತರ. 12ನೇ ಫ್ರೆಟ್ ಹತ್ತಿರ ಕಣ್ಣು ತಂದು ಪಕ್ಕದಿಂದ ನೋಡು. ತಂತಿಗೂ ಫ್ರೆಟ್ಟಿಗೂ ನಡುವೆ 4 ಮಿಲಿಮೀಟರಿಗಿಂತ ಜಾಸ್ತಿ ಸಂದಿ ಇದ್ದರೆ ಮಗು ಒತ್ತಿ ಒತ್ತಿ ಸುಸ್ತಾಗುತ್ತದೆ. ಆಮೇಲೆ ಕತ್ತಿನ ಅಂಚಿನುದ್ದಕ್ಕೂ ಬೆರಳು ಸವರು. ಫ್ರೆಟ್ ತುದಿ ಚುಚ್ಚಿದರೆ ಬೇಡ. ಇನ್ನೊಂದು, ಖಾಲಿ ತಂತಿ ಮೀಟು, ಅದೇ ತಂತಿಯನ್ನು 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟು. ಮೊದಲನೆಯದು ಸ ಆದರೆ ಎರಡನೆಯದು ಮೇಲಿನ ಸ ಆಗಬೇಕು. ಅಪಸ್ವರ ಕೇಳಿದರೆ ಆ ಗಿಟಾರನ್ನು ಎಷ್ಟು ಟ್ಯೂನ್ ಮಾಡಿದರೂ ಅಷ್ಟೇ.

ಸರ್‌ಪ್ರೈಸ್ ಕೊಡ್ತೀನಿ ಅಂತ ಒಬ್ಬನೇ ಹೋಗಬೇಡ, ಅವಳನ್ನೂ ಕರೆದುಕೊಂಡು ಹೋಗು. ಕೂರಿಸಿ, ಕೈಗೆ ಕೊಟ್ಟು ನೋಡು. ಬಣ್ಣ ಅವಳೇ ಆರಿಸಲಿ, ಗುಲಾಬಿಯಾದರೂ ಸುಮ್ನಿರು. ಗಿಟಾರಿಗೆ ಸಿಕ್ಕಿಸಿ ಶ್ರುತಿ ನೋಡುವ ಒಂದು ಕ್ಲಿಪ್ ಟ್ಯೂನರ್ ಮರೆಯದೆ ತಗೋ.

ಆ ದೊಡ್ಡ ಗಿಟಾರ್ ಇನ್ನೂ ಮನೆಯಲ್ಲೇ ಇದೆ. ಈಗ ನಾನೇ ನುಡಿಸುತ್ತೇನೆ. ಅಂದರೆ, ಧೂಳು ಒರೆಸುವಾಗ.

ನಿನ್ನ ಗೆಳೆಯ