ರೈಸ್ ಕುಕ್ಕರ್ ಪಾಸ್ತಾಗೂ ಅಡುಗೆ ಪುಟದಲ್ಲಿ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಅಡುಗೆ ಪುಟವನ್ನು ವಾರವೂ ಓದುತ್ತೇನೆ. ಪಾಸ್ತಾ ಬಂದಾಗಲೆಲ್ಲ ಒಂದೇ ಕ್ರಮ ಇರುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಬೇಕು, ಬೇಯಿಸಿ ಬಸಿಯಬೇಕು, ಇನ್ನೊಂದು ಬಾಣಲೆಯಲ್ಲಿ ಸಾಸ್ ಮಾಡಬೇಕು. ಎರಡು ಒಲೆ ಇರುವ ಮನೆಗೆ ಅದು ಸರಿ. ನಾನಿರುವುದು ಪೀಣ್ಯದ ಒಂದು ಸಣ್ಣ ರೂಮಿನಲ್ಲಿ. ಗ್ಯಾಸ್ ಇಡಲು ಓನರ್ ಬಿಡುವುದಿಲ್ಲ, ಇರುವುದು 1.8 ಲೀಟರಿನ ರೈಸ್ ಕುಕ್ಕರ್ ಒಂದೇ. ನಮ್ಮ ಬಿಲ್ಡಿಂಗಿನಲ್ಲೇ ಹೀಗಿರುವ ಹುಡುಗರು ಹತ್ತು ಹನ್ನೆರಡು ಜನ ಇದ್ದೇವೆ. ದಿನಾ ಅನ್ನ, ಉಪ್ಪಿನಕಾಯಿ, ಇಲ್ಲವೇ ಹೋಟೆಲ್.

ಎರಡು ವರ್ಷದಿಂದ ಇದೇ ಕುಕ್ಕರ್‌ನಲ್ಲಿ ಪಾಸ್ತಾ ಮಾಡುತ್ತಿದ್ದೇನೆ. ನೀರು ಬಸಿಯುವ ಕೆಲಸವೇ ಇಲ್ಲ. ಬಸಿದರೆ ನಷ್ಟ ಕೂಡ, ಯಾಕೆಂದರೆ ಪಾಸ್ತಾ ಬಿಟ್ಟ ಗಂಜಿ ಆ ನೀರಿನಲ್ಲೇ ಇರುತ್ತದೆ, ಅದೇ ಟೊಮೇಟೊ ಜೊತೆ ಸೇರಿ ಸಾಸ್ ಗಟ್ಟಿಯಾಗುತ್ತದೆ.

ಇಬ್ಬರಿಗೆ 200 ಗ್ರಾಂ ಪೆನ್ನೆ (ಸಣ್ಣ ಕೊಳವೆಯಂಥ ಪಾಸ್ತಾ) ಸಾಕು. ಮೊದಲು ಮುಚ್ಚಳ ತೆಗೆದೇ ಕುಕ್ಕರ್ ಆನ್ ಮಾಡಿ, ಎರಡು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ. ನಡುವೆ ಸ್ವಿಚ್ ಟಕ್ ಎಂದು ಹಾರಿದರೆ ಕುಕ್ಕರ್ ಕೆಟ್ಟಿದೆ ಅಂದುಕೊಳ್ಳಬೇಡಿ. ತಳದಲ್ಲಿರುವ ಮ್ಯಾಗ್ನೆಟ್ 100 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಿಸಿಯಾದರೆ ಹಿಡಿತ ಬಿಡುತ್ತದೆ. ನೀರು ಇರುವವರೆಗೆ ಪಾತ್ರೆ ಅಷ್ಟು ಕಾಯುವುದಿಲ್ಲ, ಬರೀ ಎಣ್ಣೆ ಇದ್ದರೆ ಬೇಗ ಕಾಯುತ್ತದೆ, ಅಷ್ಟೇ. ಎರಡು ನಿಮಿಷ ಬಿಟ್ಟು ಮತ್ತೆ ಒತ್ತಿ. ಆಮೇಲೆ ಹೆಚ್ಚಿದ ಎರಡು ಟೊಮೇಟೊ, ಪಾಸ್ತಾ, 450 ಮಿಲಿ ಲೀಟರ್ ನೀರು, ಮುಕ್ಕಾಲು ಚಮಚ ಉಪ್ಪು ಹಾಕಿ. ನೀರು ಬಸಿಯದ ಕಾರಣ ಹಾಕಿದ ಉಪ್ಪೆಲ್ಲ ಒಳಗೇ ಉಳಿಯುತ್ತದೆ, ಹಾಗಾಗಿ ಕೈ ಬಿಗಿ ಹಿಡಿಯಿರಿ.

ಇಲ್ಲಿ ಎಲ್ಲರೂ ಎಡವುವುದು ನೊರೆಯಲ್ಲಿ. ಅನ್ನಕ್ಕಿಂತ ಪಾಸ್ತಾದ ಗಂಜಿ ಜಾಸ್ತಿ ಉಕ್ಕುತ್ತದೆ, ಮುಚ್ಚಳದ ತೂತಿನಿಂದ ಹೊರಗೆ ಬಂದು ಪ್ಲಗ್‌ವರೆಗೂ ಇಳಿಯಬಹುದು. ಅರ್ಧ ಪಾತ್ರೆಗಿಂತ ಹೆಚ್ಚು ತುಂಬಬೇಡಿ, ಮುಚ್ಚಳವನ್ನು ಸ್ವಲ್ಪ ಓರೆಯಾಗಿಡಿ. ಕುದಿ ಬಂದ ಮೇಲೆ ಎರಡು ಮೂರು ಸಲ ಮರದ ಸೌಟಿನಿಂದ ಕೆದಕಿದರೆ ತಳ ಹಿಡಿಯುವುದಿಲ್ಲ. ಪ್ಯಾಕೆಟ್ ಮೇಲೆ 11 ನಿಮಿಷ ಅಂತ ಬರೆದಿದ್ದರೆ ನಮ್ಮ ಬೆಂಗಳೂರಿಗೆ ಇನ್ನೆರಡು ನಿಮಿಷ ಸೇರಿಸಿ, ಊರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸ್ವಿಚ್ ತಾನಾಗಿ ಹಾರಲಿ ಅಂತ ಕಾಯಬೇಡಿ, ಒಂದು ತುಂಡು ಬಾಯಿಗೆ ಹಾಕಿ ನೋಡಿ. ಬೆಂದಿದ್ದರೆ ಆಫ್ ಮಾಡಿ. 'ವಾರ್ಮ್'ನಲ್ಲಿ ಅರ್ಧ ಗಂಟೆ ಬಿಟ್ಟರೆ ಮುದ್ದೆಯಾಗುತ್ತದೆ. ಹಾಲು, ಚೀಸ್ ಹಾಕುವವರು ಆಫ್ ಮಾಡಿದ ಮೇಲೆ ಹಾಕಿ.

ಇನ್ನೂ ಸುಲಭದ್ದು ಬೇಕಾದರೆ ಟೊಮೇಟೊ ಬಿಟ್ಟು, ನೀರು ತುಸು ಜಾಸ್ತಿ ಹಾಕಿ ಬೇಯಿಸಿ, ಬೇರೆ ಬಟ್ಟಲಿಗೆ ತೆಗೆದು, ಅದೇ ಪಾತ್ರೆ ಒರೆಸಿ ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಕಲಸಿ. ಇಟಲಿಯವರು ಆಲಿಯೊ ಎ ಓಲಿಯೊ ಅನ್ನುವುದು ಬಹುಮಟ್ಟಿಗೆ ಇದನ್ನೇ, ಅವರದು ಆಲಿವ್ ಎಣ್ಣೆ, ನನ್ನದು ಕಡಲೆಕಾಯಿ ಎಣ್ಣೆ.

ನೀರು ಬಸಿಯದೆ ಮಾಡಿದರೆ ಅದು ಪಾಸ್ತಾನೇ ಅಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಟಲಿಯ ಬಾರಿ ಊರಿನಲ್ಲೇ ಬೇಯಿಸದ ಒಣ ಸ್ಪಗೆಟ್ಟಿಯನ್ನು (ಉದ್ದ ಎಳೆಯ ಪಾಸ್ತಾ) ನೇರವಾಗಿ ಬಾಣಲೆಗೆ ಹಾಕಿ, ಟೊಮೇಟೊ ಸಾರು ಸೌಟಿನಲ್ಲಿ ಸ್ವಲ್ಪ ಸ್ವಲ್ಪವೇ ಹುಯ್ದು, ಅಂಚು ಸೀಯುವವರೆಗೆ ಬೇಯಿಸುವ ಪದ್ಧತಿ ಇದೆ. ಅವರು ಮಾಡಬಹುದಾದರೆ ನಾವೂ ಮಾಡಬಹುದು ಅಲ್ವಾ?

ಕರೆಂಟ್ ಖರ್ಚಿನ ಭಯವೂ ಬೇಡ. ನನ್ನ ಕುಕ್ಕರ್ 700 ವ್ಯಾಟ್‌ನದು, 20 ನಿಮಿಷ ಓಡಿದರೂ ಕಾಲು ಯೂನಿಟ್ ದಾಟುವುದಿಲ್ಲ. ಆದರೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೆಟಲ್, ಇಸ್ತ್ರಿ ಪೆಟ್ಟಿಗೆ ಎಲ್ಲ ಸಿಕ್ಕಿಸಬೇಡಿ. ನಮ್ಮ ಮೇಲಿನ ರೂಮಿನಲ್ಲಿ ಹಾಗೆ ಬೋರ್ಡ್ ಕರಗಿ ಹೋಗಿತ್ತು.

ತಿಂಗಳಿಗೆ ಒಂದು ವಾರವಾದರೂ ಅಡುಗೆ ಪುಟದಲ್ಲಿ ಒಂದೇ ಕುಕ್ಕರ್‌ನಲ್ಲಿ ಆಗುವ ಅಡುಗೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ನೀರಿನ ಅಳತೆಯನ್ನು ಮಿಲಿ ಲೀಟರ್‌ನಲ್ಲೇ ಕೊಡಿ, ಒಬ್ಬೊಬ್ಬರ ರೂಮಿನ ಲೋಟ ಒಂದೊಂದು ಸೈಜಿನದು.

ಒಬ್ಬ ಓದುಗ, ಪೀಣ್ಯ, ಬೆಂಗಳೂರು