ಜುಲೈನಿಂದ ಹಳೇ ಅಕ್ಕಿ, ಕಿಲೋಗೆ ಮೂರು ರೂಪಾಯಿ ಜಾಸ್ತಿ

ನಮ್ಮ ಎಲ್ಲ ಗ್ರಾಹಕರಿಗೆ ಮಂಡ್ಯದಿಂದ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಜುಲೈ 1ರಿಂದ ನಮ್ಮ ಮಿಲ್ಲಿನ ಸಣ್ಣಕ್ಕಿ ಕಿಲೋಗೆ 58 ರೂಪಾಯಿ ಇದ್ದದ್ದು 61 ಆಗುತ್ತದೆ. ಇನ್ನು ಮೇಲೆ ಆರು ತಿಂಗಳು ಇಟ್ಟ ಭತ್ತವನ್ನೇ ಮಿಲ್ಲಿಗೆ ಹಾಕುತ್ತೇವೆ. ಡಿಸೆಂಬರ್ ಕೊಯ್ಲಿನ ಭತ್ತವನ್ನು ಈ ಸಲ ಮುಟ್ಟದೆ ಗೋಡೌನಿನಲ್ಲೇ ಇಟ್ಟಿದ್ದೇವೆ.

ಇದು ಶುರುವಾದದ್ದು ಒಂದು ಫೋನಿನಿಂದ. ಮೈಸೂರಿನಲ್ಲಿ ಮೆಸ್ ನಡೆಸುವ ನಮ್ಮ ಗ್ರಾಹಕರೊಬ್ಬರು ಹೋದ ವರ್ಷ ಫೆಬ್ರವರಿಯಲ್ಲಿ ಫೋನ್ ಮಾಡಿದರು. 'ಅಣ್ಣಾ, ನಿಮ್ಮ ಅಕ್ಕಿ ಒದಗ್ತಾನೇ ಇಲ್ಲ. ಮೊದಲು ಹತ್ತು ಕೆಜಿ ಹಾಕಿದ್ರೆ ಮಧ್ಯಾಹ್ನದ ಊಟ ಸಾಗೋದು. ಈಗ ಹನ್ನೆರಡು ಹಾಕಿದ್ರೂ ಒಂದೂವರೆಗೆ ಪಾತ್ರೆ ತಳ ಕಾಣುತ್ತೆ' ಅಂದರು. ತೂಕ ಸರಿಯಾಗಿದೆ ಅಂತ ನಾವು ವಾದ ಮಾಡಿದೆವು. ತೂಕ ಸರಿಯಾಗಿಯೇ ಇತ್ತು. ಆದರೆ ಅವರು ತೂಕದ ಮಾತೇ ಆಡಿರಲಿಲ್ಲ.

ನಾವು ಇಳುವರಿ ಅನ್ನುತ್ತೇವೆ, ಅವರು ಒದಗು ಅನ್ನುತ್ತಾರೆ. ಎರಡೂ ಒಂದೇ ಪ್ರಶ್ನೆ: ಇಷ್ಟು ಹಾಕಿದರೆ ಎಷ್ಟು ಬರುತ್ತೆ? ಅದೇ ಭತ್ತ ಗದ್ದೆಯಿಂದ ತಟ್ಟೆಗೆ ಬರುವಷ್ಟರಲ್ಲಿ ಈ ಪ್ರಶ್ನೆಯನ್ನು ನಾಲ್ಕು ಜನ ಕೇಳುತ್ತಾರೆ. ನಾಲ್ವರ ಲೆಕ್ಕವೂ ಬೇರೆ.

ರೈತರ ಲೆಕ್ಕ ಎಕರೆಗೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ನಾಲೆಗೆ ನೀರು ಸರಿಯಾಗಿ ಬಂದ ವರ್ಷ ಎಕರೆಗೆ 20-25 ಕ್ವಿಂಟಲ್ ಕಾಣಬಹುದು. ನೀರು ಕೈಕೊಟ್ಟ ವರ್ಷದ ಮಾತು ಬೇಡ.

ನಮ್ಮ ಲೆಕ್ಕ ಕ್ವಿಂಟಲ್‌ಗೆ. 100 ಕೆಜಿ ಭತ್ತದಲ್ಲಿ ಸುಮಾರು 20 ಕೆಜಿ ಹೊಟ್ಟೇ ಹೋಗುತ್ತದೆ. ಏಳೆಂಟು ಕೆಜಿ ತೌಡು. ಸರ್ಕಾರ ಮಿಲ್ಲಿಗೆ ಕೊಡುವ ಭತ್ತಕ್ಕೆ ವಾಪಸ್ ಕೇಳುವುದು 67 ಕೆಜಿ ಬೆಳ್ತಿಗೆ ಅಕ್ಕಿ. ಆದರೆ ಆ 67ರಲ್ಲಿ ನುಚ್ಚೂ ಸೇರಿದೆ. ನುಚ್ಚು ಬೇರೆ ಮಾಡಿದರೆ ನಮ್ಮಲ್ಲಿ ಇಡೀ ಕಾಳು 57 ಕೆಜಿ ಸಿಕ್ಕರೆ ಅದೇ ಹಬ್ಬ. ರಸ್ತೆ ಮೇಲೆ ಉರಿಬಿಸಿಲಲ್ಲಿ ಗಡಿಬಿಡಿಯಿಂದ ಒಣಗಿಸಿದ ಭತ್ತ ನೋಡಲು ಚೆನ್ನಾಗೇ ಇರುತ್ತದೆ. ಕಾಳು ಒಳಗೇ ಬಿರುಕು ಬಿಟ್ಟಿರುತ್ತದೆ, ಮಿಲ್ಲಿಗೆ ಹಾಕಿದಾಗ ಪುಡಿಪುಡಿ. ಹಾಗಾಗಿ ನಮ್ಮ ಹುಡುಗರು ಭತ್ತ ಕೊಳ್ಳುವಾಗ ಹತ್ತು ಕಾಳು ಅಂಗೈಯಲ್ಲಿ ಉಜ್ಜಿ, ಸಿಪ್ಪೆ ಊದಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಗೆರೆ ಕಂಡರೆ ಬೆಲೆ ಇಳಿಸುತ್ತಾರೆ. ರೈತರಿಗೆ ಇದು ಇಷ್ಟವಿಲ್ಲ ಅಂತ ಗೊತ್ತು.

ಮೂರನೆಯದು ದುಡ್ಡಿನ ಲೆಕ್ಕ. ನಮ್ಮಲ್ಲಿ ಅಕ್ಕಿ ಕೊಳ್ಳುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಗೋಡೆ ಮೇಲಿನ ಬೋರ್ಡಿನಲ್ಲಿ 'ಇಂದಿನ ಇಳುವರಿ 57' ಅಂತ ಓದಿ ನಕ್ಕರು. 'ನಮ್ಮಲ್ಲಿ ಇಳುವರಿ ಏಳು ಬಂದ್ರೆ ಸಾಕು ಅಂತಿದ್ವಿ' ಅಂದರು. ಅವರು ಹೇಳಿದ್ದು ಸರ್ಕಾರಿ ಬಾಂಡಿನ ಮಾತು, ಅಂದರೆ ಸರ್ಕಾರ ಸಾಲ ಎತ್ತಿ ಬರೆದುಕೊಡುವ ಪತ್ರ. 100 ರೂಪಾಯಿಯ ಬಾಂಡು ವರ್ಷಕ್ಕೆ 7 ರೂಪಾಯಿ ಬಡ್ಡಿ ಕೊಡುತ್ತದೆ ಅನ್ನಿ. ಅದನ್ನೇ ಮಾರುಕಟ್ಟೆಯಲ್ಲಿ 95ಕ್ಕೆ ಕೊಂಡರೂ ಬಡ್ಡಿ 7 ರೂಪಾಯಿಯೇ. ಹಾಕಿದ ದುಡ್ಡಿಗೆ ಹೋಲಿಸಿದರೆ ಶೇಕಡ 7.37 ಆಯಿತು. 105 ಕೊಟ್ಟು ಕೊಂಡರೆ 6.67ಕ್ಕೆ ಇಳಿಯಿತು. ಬೆಲೆ ಏರಿದರೆ ಇಳುವರಿ ಇಳಿಯುತ್ತದೆ. ನಮಗೆ ಇದು ತಕ್ಷಣ ಅರ್ಥವಾಯಿತು. ಭತ್ತಕ್ಕೆ ಜಾಸ್ತಿ ಕೊಟ್ಟರೂ ಅದರಿಂದ ಬರುವ ಅಕ್ಕಿ ಅಷ್ಟೇ, ಅಲ್ವಾ?

ಈಗ ನಾಲ್ಕನೆಯದು, ನಿಮ್ಮ ಪಾತ್ರೆಯ ಲೆಕ್ಕ. ಮಿಲ್ಲಿನ ಹಿಂದಿನ ಅಡುಗೆಮನೆಯಲ್ಲಿ ಎರಡು ಒಲೆ ಹಚ್ಚಿದೆವು. ಒಂದರಲ್ಲಿ ಜನವರಿಯಲ್ಲಿ ಮಾಡಿದ ಹೊಸ ಅಕ್ಕಿ, ಇನ್ನೊಂದರಲ್ಲಿ ಹಿಂದಿನ ವರ್ಷದ್ದು. ತಲಾ ಒಂದು ಪಾವು. ಹೊಸದು ಎರಡು ಪಾವು ನೀರಿಗೇ ಮೆತ್ತಗಾಗಿ ಸೌಟಿಗೆ ಅಂಟಿಕೊಂಡಿತು. ಮುಚ್ಚಳ ತೆಗೆದರೆ ಗಂಜಿಯ ವಾಸನೆ. ಹಳೇದು ಎರಡೂವರೆ ಪಾವು ನೀರು ಕುಡಿದೂ ಕಾಳು ಕಾಳಾಗಿ ನಿಂತಿತು, ಪಾತ್ರೆಯಲ್ಲಿ ಎರಡು ಬೆರಳು ಮೇಲಿತ್ತು. ನಮ್ಮ ಹಮಾಲಿಯೊಬ್ಬರು ಸಾರು ಹಾಕಿಕೊಂಡು ಹಳೇದನ್ನು ಪೂರ್ತಿ ಖಾಲಿ ಮಾಡಿದರು. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಒಂದು ಮಾತು ಮುಚ್ಚಿಡುವುದು ಬೇಡ. ಹೀಗೆ ಒದಗಿದ್ದು ನೀರು. ಒಂದು ಪಾವು ಅಕ್ಕಿಯಲ್ಲಿ ಇರುವ ಸತ್ವ ಹಳೇದಾದರೂ ಹೊಸದಾದರೂ ಹೆಚ್ಚುಕಮ್ಮಿ ಅಷ್ಟೇ. ಮೆಸ್ಸಿನವರಿಗೆ ತಟ್ಟೆ ಲೆಕ್ಕ ಮುಖ್ಯ, ಅವರಿಗೆ ಲಾಭ ಇದೆ. ಮನೆಯವರಿಗೆ ಸಿಗುವುದು ಉದುರುದುರು ಅನ್ನ. ಹಳೇ ಅಕ್ಕಿ ಕೊಂಡರೆ ತಿಂಗಳ ದಿನಸಿಯಲ್ಲಿ ಭಾರೀ ಉಳಿತಾಯ ಅಂತ ಯಾರಾದರೂ ಹೇಳಿದರೆ ಸುಮ್ನೆ ನಂಬಬೇಡಿ. ನಾವು ಹೇಳಿದರೂ ಅಷ್ಟೇ.

ಹಾಗಾದರೆ ಮೂರು ರೂಪಾಯಿ ಎಲ್ಲಿಂದ ಬಂತು? ಕ್ವಿಂಟಲ್ ಭತ್ತಕ್ಕೆ 2,500 ರೂಪಾಯಿ ಅಂತ ಇಟ್ಟುಕೊಳ್ಳಿ. ಸಾಲದ ದುಡ್ಡಿಗೆ ವರ್ಷಕ್ಕೆ ನೂರಕ್ಕೆ ಹತ್ತು ಬಡ್ಡಿ ಅಂದರೂ ಆರು ತಿಂಗಳಿಗೆ 125 ರೂಪಾಯಿ. ಭತ್ತ ಇಟ್ಟಲ್ಲೇ ಒಣಗುತ್ತದೆ. ತೇವಾಂಶ ಶೇಕಡ 14ರಿಂದ 12.5ಕ್ಕೆ ಬಂದರೆ ಕ್ವಿಂಟಲ್‌ಗೆ 1.7 ಕೆಜಿ ತೂಕ ಹೋಯಿತು. ಅದು 42 ರೂಪಾಯಿ. ಒಟ್ಟು 167 ರೂಪಾಯಿಯನ್ನು 57 ಕೆಜಿ ಅಕ್ಕಿಗೆ ಹಂಚಿದರೆ ಕಿಲೋಗೆ ಮೂರಕ್ಕೆ ಸ್ವಲ್ಪ ಕಡಿಮೆ. ಚೀಲ ಮತ್ತು ಇಲಿಗಳ ಪಾಲು ಸೇರಿದರೆ ಮೂರು ದಾಟುತ್ತದೆ. ಇಲಿಗಳ ಲೆಕ್ಕ ನಾವು ಇನ್ನೂ ಸರಿಯಾಗಿ ಹಾಕಿಲ್ಲ.

'ಸುಗ್ಗಿಯಲ್ಲಿ ಅಗ್ಗಕ್ಕೆ ಕೊಂಡು ಬೇಸಿಗೆ ದಾಟಿಸಿ ಮಾರಿದರೆ ಲಾಭ ನಿಮಗೇ ತಾನೆ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಭತ್ತದ ಬೆಲೆ ಏರಿದರೆ ಹೌದು, ನಮಗೆ ನಾಲ್ಕು ಕಾಸು ಉಳಿಯುತ್ತದೆ. ಇಳಿದರೆ ಕೈಯಿಂದ ಹೋಗುತ್ತದೆ. ಹಾಗಾಗಿ ಈಗ ಇಟ್ಟುಕೊಂಡ ಖರ್ಚನ್ನು ಮಾತ್ರ ಬೆಲೆಗೆ ಸೇರಿಸಿದ್ದೇವೆ. ಮಾರ್ಚ್‌ವರೆಗೆ 61 ಬದಲಾಗುವುದಿಲ್ಲ.

ಗಂಜಿಗೆ, ಪೊಂಗಲ್‌ಗೆ ಹೊಸ ಅಕ್ಕಿಯೇ ಬೇಕು ಅನ್ನುವವರು ಇದ್ದಾರೆ. ಅವರ ಮಾತು ಸರಿ. ಸಂಕ್ರಾಂತಿ ಹೊತ್ತಿಗೆ ಸ್ವಲ್ಪ ಹೊಸ ಅಕ್ಕಿ ಹಳೇ ಬೆಲೆಗೇ, 58ಕ್ಕೆ ಇರುತ್ತದೆ. ಒಂದು ವಾರ ಮೊದಲು ಹೇಳಿ. ಜೂನ್‌ನಲ್ಲಿ ಮುಂಗಡ ಕೊಟ್ಟವರಿಗೂ 58ರಂತೆಯೇ ಬಿಲ್ ಮಾಡುತ್ತೇವೆ.

ಮೊದಲ ಸಲ ಮಾಡುವಾಗ ಎಂದಿಗಿಂತ ಅರ್ಧ ಲೋಟ ನೀರು ಜಾಸ್ತಿ ಇಡಿ. ಕುಕ್ಕರ್ ಆದರೆ ಸೀಟಿ ಅಷ್ಟೇ ಇರಲಿ. ಅನ್ನ ಗಟ್ಟಿ ಅನ್ನಿಸಿದರೆ ಚೀಲ ಒಡೆದಿದ್ದರೂ ಪರವಾಗಿಲ್ಲ, ವಾಪಸ್ ತನ್ನಿ.

ನಿಮ್ಮ,
ಮಿಲ್ಲಿನ ಎಲ್ಲರ ಪರವಾಗಿ
ಮಂಡ್ಯ